ಕಿವಿ ಆಡುವವರೆಗೂ ಕಾಯಬೇಕು

ಪಾಂಡವಪುರದ ಕಡೆಯಿಂದ ತೊಣ್ಣೂರು ಕೆರೆಗೆ ಸವಾರಿ ಹೊರಟ ಆ ಮಾರ್ಚ್ ಬೆಳಿಗ್ಗೆಯನ್ನು ನಾನು ಮರೆಯಲಾರೆ. ನನ್ನ ಕಪಿಲೆ ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆ. ದಾರಿಯಲ್ಲಿ ವಿಶ್ವೇಶ್ವರಯ್ಯ ನಾಲೆಯಿಂದ ಬಕೆಟ್ಟಿಗೆ ಹಗ್ಗ ಕಟ್ಟಿ ನೀರು ಸೇದಿಕೊಟ್ಟೆ. ಮೂಸಿ ಮುಖ ತಿರುಗಿಸಿದಳು. ಕೆರೆಯ ಅಂಚಿಗೆ ಹೋದಾಗಲೂ ಅಷ್ಟೇ. ‘ಬಾಯಾರಿದರೆ ತಾನೇ ಕುಡಿಯುತ್ತಾಳೆ’ ಎಂದುಕೊಂಡು ಬಿಸಿಲಲ್ಲೇ ಹಿಂದಿರುಗಿದೆ.

ಸಂಜೆ ಲಾಯದಲ್ಲಿ ಅವಳು ಕಾಲಿನಿಂದ ನೆಲ ಕೆರೆಯತೊಡಗಿದಳು. ಮತ್ತೆ ಮತ್ತೆ ಹೊಟ್ಟೆಯ ಕಡೆ ತಿರುಗಿ ನೋಡುವುದು, ಮಲಗುವುದು, ಏಳುವುದು. ಕರುಳಲ್ಲಿ ಮೇವು ಒಣಗಿ ಕಟ್ಟಿಕೊಂಡಿದೆ ಎಂದ ಪಶುವೈದ್ಯರು ಮೂಗಿನಿಂದ ಕೊಳವೆ ಇಳಿಸಿ ಹೊಟ್ಟೆಗೆ ನೀರು ಬಿಟ್ಟರು. ಬೆಳಗಿನ ಜಾವ ಅವಳು ಲದ್ದಿ ಹಾಕಿದಾಗ ನನಗೆ ಅಳು ತಡೆಯಲಾಗಲಿಲ್ಲ.

ನನ್ನ ತಪ್ಪು ಎಲ್ಲಿತ್ತೆಂಬುದು ಆಮೇಲೆ ತಿಳಿಯಿತು. ಕುದುರೆಯ ಬೆವರು ನಮ್ಮ ಬೆವರಿನಂತಲ್ಲ, ಅದರಲ್ಲಿ ಉಪ್ಪಿನಂಶ ಬಹಳ. ನೀರಿನ ಜೊತೆ ಉಪ್ಪೂ ಹರಿದುಹೋಗುವುದರಿಂದ ರಕ್ತದಲ್ಲಿ ಸೋಡಿಯಂ ಏರುವುದಿಲ್ಲ. ಅದು ಏರದೆ ಮಿದುಳಿಗೆ ಬಾಯಾರಿಕೆಯ ಸೂಚನೆ ಸರಿಯಾಗಿ ಹೋಗುವುದಿಲ್ಲ. ಮೈ ಒಣಗುತ್ತಿದ್ದರೂ ಕುದುರೆಗೆ ಕುಡಿಯಬೇಕೆನಿಸುವುದಿಲ್ಲ. ಸುಮ್ಮನಿದ್ದಾಗಲೇ ದಿನಕ್ಕೆ 25–30 ಲೀಟರ್ ನೀರು ಬೇಡುವ ಪ್ರಾಣಿ ಅದು.

ಹಾಗಾಗಿ ಈಗ ನೀರಿನ ಸಿದ್ಧತೆ ಸವಾರಿಗೆ ಮೊದಲೇ ಶುರುವಾಗುತ್ತದೆ. ದಿನವೂ ಮೇವಿಗೆ ಸುಮಾರು 30 ಗ್ರಾಂ ಅಡುಗೆ ಉಪ್ಪು, ಪಕ್ಕದಲ್ಲಿ ಸದಾ ತುಂಬಿದ ತೊಟ್ಟಿ. ಹೊರಡುವ ಮುನ್ನ ಬೂಸಾವನ್ನು ಗಂಜಿಯಂತೆ ನೀರಾಗಿ ಕಲಸಿ ಕೊಡುತ್ತೇನೆ.

ಎರಡನೆಯದು ವಾಸನೆ. ಗೊತ್ತಿಲ್ಲದ ನೀರನ್ನು ಕುದುರೆ ನಂಬುವುದಿಲ್ಲ. ಹುರುಳಿ ಬೇಯಿಸಿ ಬಸಿದ, ಒಗ್ಗರಣೆ ಖಾರ ಏನೂ ಸೋಕದ ಕಟ್ಟನ್ನು ಮನೆಯಲ್ಲೇ ಹಲವು ದಿನ ಅವಳ ನೀರಿಗೆ ಒಂದು ಲೋಟ ಬೆರೆಸಿ ರೂಢಿ ಮಾಡಿಸಿದೆ. ಈಗ ಬಾಟಲಿಯಲ್ಲಿ ಕಟ್ಟು ಒಯ್ದರೆ, ಯಾವ ಊರಿನ ನೀರಿಗೂ ಮನೆಯ ವಾಸನೆ ಬರುತ್ತದೆ. ಮನೆಯ ಬಕೆಟ್ಟನ್ನೂ ಒಯ್ಯುತ್ತೇನೆ. ಅದಕ್ಕೂ ಬಗ್ಗದಿದ್ದರೆ ಒಂದು ಹಿಡಿ ಹಸಿರು ಹುಲ್ಲನ್ನು ನೀರಲ್ಲಿ ತೇಲಿಬಿಡುತ್ತೇನೆ. ಹುಲ್ಲಿಗೆ ಬಾಯಿ ಹಾಕಿದವಳು ಒಂದೆರಡು ಗುಟುಕು ನೀರನ್ನೂ ಎಳೆಯುತ್ತಾಳೆ.

ಮೂರನೆಯದು ನನ್ನ ನಡತೆ. ಇಳಿದು, ಜೀನಿನ ಪಟ್ಟಿ ಸಡಿಲಿಸಿ, ಲಗಾಮು ಪೂರ್ತಿ ಬಿಡುತ್ತೇನೆ. ಒಂದು ಕುದುರೆ ಕುಡಿಯುತ್ತಿದ್ದರೆ ಜೊತೆಯವರು ಮುಂದೆ ಸಾಗುವಂತಿಲ್ಲ. ಗುಂಪು ಹೊರಟರೆ ಅದು ನೀರು ಬಿಟ್ಟು ಓಡುತ್ತದೆ. ಮೈ ಬಿಸಿಯಿರುವಾಗ ನೀರು ಕೊಡಬಾರದೆಂದು ಹಿರಿಯ ಸವಾರರೊಬ್ಬರು ಹೇಳಿಕೊಟ್ಟಿದ್ದರು. ಆ ಭಯವನ್ನು ಬಿಟ್ಟಿದ್ದೇನೆ. ದಣಿದು ನಿಂತ ಹೊತ್ತಿನಲ್ಲೇ ಅವಳಿಗೆ ಕುಡಿಯುವ ಮನಸ್ಸು ಹೆಚ್ಚು.

ಪ್ರತಿ ನಿಲುಗಡೆಯಲ್ಲೂ ಅವಳ ತುಟಿ ಎತ್ತಿ ಒಸಡನ್ನು ಹೆಬ್ಬೆರಳಿನಿಂದ ಒತ್ತುತ್ತೇನೆ. ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿಯಾಗಬೇಕು, ಒಸಡು ತೇವವಾಗಿ ಜಾರಬೇಕು. ಅಂಟಿದಂತಿದ್ದರೆ ಸವಾರಿ ಅಲ್ಲಿಗೇ ಮುಗಿಯಿತು. ಆಗ ನೆರಳು, ನೀರು ಮತ್ತು ವೈದ್ಯರಿಗೆ ಕರೆ. ನೀರೇ ಕುಡಿಯದ ಕುದುರೆಗೆ ಬರೀ ಎಲೆಕ್ಟ್ರೊಲೈಟ್ ತಿನ್ನಿಸುವುದು ಅಪಾಯ.

ಮುಂದಿನ ಚಳಿಗಾಲ ಮತ್ತೆ ತೊಣ್ಣೂರಿಗೆ ಹೋದೆವು. ಬಕೆಟ್ಟನ್ನು ಕೆರೆಯಂಚಿನಲ್ಲಿಟ್ಟು, ಕಟ್ಟು ಸುರಿದು, ಪಕ್ಕದ ಬಂಡೆಯ ಮೇಲೆ ಕೂತೆ. ಕಪಿಲೆ ಮೂಸಿದಳು, ತಲೆಯೆತ್ತಿ ಆಚೆ ದಡ ನೋಡಿದಳು, ಮತ್ತೆ ಮೂಸಿದಳು. ನಾನು ಕರೆಯಲಿಲ್ಲ, ಶಿಳ್ಳೆ ಹಾಕಲಿಲ್ಲ. ಹತ್ತು ನಿಮಿಷವಾಗಿರಬೇಕು. ಆಮೇಲೆ ತುಟಿ ನೀರಿಗೆ ತಾಗಿತು. ಒಳಕ್ಕೆ ಬಾಗಿದ ಅವಳ ಕಿವಿಯ ತುದಿಗಳು ಒಂದೊಂದು ಗುಟುಕಿಗೂ ಹಿಂದೆ ಮುಂದೆ ಆಡತೊಡಗಿದವು. ಬಕೆಟ್ಟು ಬರಿದಾಯಿತು. ಎದ್ದು ಹೋಗಿ ಮತ್ತೆ ತುಂಬಿಸಿದೆ.