ಶಾಕ್ ಹೊಡೆಯದ ಪೆಟ್ಟಿಗೆ

ಲೈಸೆನ್ಸ್ ಬಂತು, ಇನ್ನು ಲಾರಿಯ ಸ್ಟೇರಿಂಗ್ ನಿನ್ನದು. ಟೈರಿಗೆ ಗಾಳಿ, ಇಂಜಿನ್ನಿಗೆ ಆಯಿಲ್ ಎಲ್ಲ ಕ್ಲೀನರ್ ಆಗಿದ್ದಾಗಲೇ ಕಲಿತಿದ್ದೀಯ. ನಾನು ಹೇಳಬೇಕಿರುವುದು ಚಾಸಿ ಪಕ್ಕ ಮುಚ್ಚಳದಡಿ ಕೂತಿರುವ ಎರಡು ಬ್ಯಾಟರಿಗಳ ವಿಷಯ.

12 ವೋಲ್ಟಿನವು ಎರಡು ಸೇರಿ 24. ಒಣಗಿದ ಕೈಯಲ್ಲಿ ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಅದಕ್ಕೇ ತಮ್ಮಾ, ಹುಡುಗರಿಗೆ ಅದರ ಭಯವೇ ಇಲ್ಲ. ಮನೆಯ ಸ್ವಿಚ್ ಬೋರ್ಡಿಗೆ ಹೆದರುವವನೂ ಕಡಗ ಹಾಕಿಕೊಂಡೇ ಬ್ಯಾಟರಿಗೆ ಪಾನಾ ಇಡುತ್ತಾನೆ. ಆ ಪಾನಾ ಪ್ಲಸ್ಸಿಗೂ ಚಾಸಿಗೂ ಒಟ್ಟಿಗೆ ತಾಗಿತೋ, ನೂರಾರು ಆಂಪಿಯರ್ ಒಮ್ಮೆಗೇ ನುಗ್ಗುತ್ತದೆ. ಕಡಗವೇ ತಾಗಿದರೆ ಬಿಚ್ಚುವಷ್ಟರಲ್ಲಿ ಮಣಿಕಟ್ಟು ಬೆಂದಿರುತ್ತದೆ. ಉಂಗುರ, ಕಡಗ, ವಾಚು ಜೇಬಿಗೆ ಹಾಕು, ಆಮೇಲೆ ಕೈಹಾಕು. ಇಂಜಿನ್ ಆಫ್ ಮಾಡಿ, ಚಾಸಿಗೆ ಹೋಗುವ ಮೈನಸ್ ಕೇಬಲನ್ನು ಮೊದಲು ಬಿಚ್ಚು, ಜೋಡಿಸುವಾಗ ಕೊನೆಗೆ ಹಾಕು. ಅದು ಬಿಚ್ಚಿದ ಮೇಲೆ ಪಾನಾ ಚಾಸಿಗೆ ತಾಗಿದರೂ ಕಿಡಿ ಏಳದು.

ಕಿಡಿ ಅಂದರೆ ಯಾಕಿಷ್ಟು ಹೆದರಿಕೆ? ಚಾರ್ಜ್ ಆಗುವಾಗ ಒಳಗಿನ ನೀರು ಒಡೆದು ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಬ್ಯಾಟರಿ ಸಿಡಿದರೆ ಮುಖಕ್ಕೆ ಹಾರುವುದು ಆಸಿಡ್. ಲೈಟರ್ ಹಚ್ಚಿ ನೀರಿನ ಮಟ್ಟ ನೋಡುವವರು ಈಗಲೂ ಇದ್ದಾರೆ, ಜೇಬಿನ ಮೊಬೈಲಿನಲ್ಲಿ ಟಾರ್ಚ್ ಇಟ್ಟುಕೊಂಡು! ಬೇರೆ ಲಾರಿಯಿಂದ ಜಂಪ್ ಕೊಡುವಾಗಲೂ ಕೊನೆಯ ಕ್ಲಿಪ್ಪನ್ನು ಡೌನ್ ಆದ ಬ್ಯಾಟರಿಯ ಮೈನಸ್ಸಿಗೆ ಹಾಕಬೇಡ, ದೂರದಲ್ಲಿ ಚಾಸಿಯ ಬಣ್ಣವಿಲ್ಲದ ಕಬ್ಬಿಣಕ್ಕೆ ಹಾಕು. ಕಣ್ಣಿಗೆ ಆಸಿಡ್ ಬಿದ್ದರೆ ಉಜ್ಜಬೇಡ. ಕ್ಯಾನಿನ ನೀರು ಸುರಿಯುತ್ತಾ 15-20 ನಿಮಿಷ ತೊಳೆ, ನಂತರ ನೇರ ಆಸ್ಪತ್ರೆ.

ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಬೇಡ, ಆಸಿಡ್ಡಂತೂ ಬೇಡವೇ ಬೇಡ. ಆರಿಹೋಗುವುದು ನೀರು, ಆಸಿಡ್ಡಲ್ಲ. ಟರ್ಮಿನಲ್ ಮೇಲೆ ಬಿಳಿಹಸಿರು ಬೂಷ್ಟು ಕಟ್ಟಿದ್ದರೆ ಮುಚ್ಚಳಗಳು ಬಿಗಿಯಾಗಿವೆಯೇ ನೋಡಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಉಜ್ಜಿ ಒರೆಸು. ಕೇಬಲ್ ಬಿಗಿದ ಮೇಲೆ ವ್ಯಾಸಲೀನ್ ಸವರು.

ಈಗ ನಿನಗೆ ಸಿಟ್ಟು ಬರುವ ಮಾತು. ಕ್ಯಾಬಿನ್ನಿನಲ್ಲಿ ಹಾಡು ಬೇಕು, ಬಣ್ಣಬಣ್ಣದ ಲೈಟು ಬೇಕು. ಯಾರು ಬೇಡ ಅಂದರು? ಆದರೆ 12 ವೋಲ್ಟ್ ಬೇಕೆಂದು ಎರಡರಲ್ಲಿ ಒಂದೇ ಬ್ಯಾಟರಿಯಿಂದ ವೈರ್ ಎಳೆಯಬೇಡ. ಆಲ್ಟರ್ನೇಟರ್‌ಗೆ ನಿನ್ನ ಹಾಡು ಗೊತ್ತಿಲ್ಲ. ಅದು ಜೋಡಿಯನ್ನು ಒಂದೇ ಎಂದುಕೊಂಡು ಚಾರ್ಜ್ ಕೊಡುತ್ತದೆ. ವೈರ್ ಎಳೆದದ್ದು ಸದಾ ಹಸಿದೇ ಇರುತ್ತದೆ, ಅದರ ಪ್ಲೇಟಿಗೆ ಸಲ್ಫೇಟ್ ಹಿಡಿಯುತ್ತದೆ. ಇನ್ನೊಂದು ಮಿತಿಮೀರಿ ಕುದಿದು ನೀರು ಕಳೆದುಕೊಳ್ಳುತ್ತದೆ, ಗ್ಯಾಸ್ ಬಿಡುತ್ತದೆ. ಆಮೇಲೆ ಕಂಪನಿಯವನನ್ನು ಬೈಯುತ್ತೀಯ! 24ರಿಂದ 12ಕ್ಕೆ ಇಳಿಸುವ ಕನ್ವರ್ಟರ್ ಸಿಗುತ್ತದೆ, ಹಾಕಿಸು. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಇಳಿಸಿ ನೋಡಿದರೆ ಸತ್ಯ ತಿಳಿಯುತ್ತದೆ. ಪೂರ್ತಿ ಚಾರ್ಜ್ ಆದ ಸೆಲ್‌ನಲ್ಲಿ ರೀಡಿಂಗ್ 1.250ರ ಮೇಲಿರುತ್ತದೆ. ಆರರಲ್ಲಿ ಒಂದು ಸೆಲ್ ಮಾತ್ರ ಕೆಳಗೆ ಕೂತಿದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿಯುತ್ತಿದೆ ಅಂತ ಲೆಕ್ಕ.

ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸು; ಹಳೆಯದರ ಜೊತೆ ಹೊಸದನ್ನು ಕಟ್ಟಿದರೆ ಹೊಸದೂ ಬೇಗ ಕೆಡುತ್ತದೆ. ದೊಡ್ಡ ಲಾರಿಯದು ಒಂದೊಂದೂ 40 ಕೆಜಿಗೂ ಮೇಲಿರಬಹುದು, ಒಬ್ಬನೇ ಎತ್ತಬೇಡ. ಹಳೆಯದನ್ನು ಅಂಗಡಿಗೇ ವಾಪಸ್ ಕೊಡು, ಬಿಲ್ಲಿನಲ್ಲಿ ಅದರ ಬೆಲೆ ಕಳೆಯುತ್ತಾರೆ. ಬ್ಯಾಟರಿ ಒಡೆದು ಸೀಸ ಕರಗಿಸುವವನು ನೂರು ರೂಪಾಯಿ ಜಾಸ್ತಿ ಅಂದರೂ ಅವನ ಕೈಗೆ ಹಾಕಬೇಡ. ಅವನು ಆಸಿಡ್ ಚೆಲ್ಲುವುದು ಯಾವುದೋ ಮನೆಯ ಹಿತ್ತಲ ಚರಂಡಿಗೆ.