ಕ್ಯಾನ್ಸರ್ ಔಷಧಿ, ಬಚ್ಚಲ ನೀರು ಮತ್ತು ನಮ್ಮ ಕೆರೆ



ಸೊಕ್ಕೆಯಲ್ಲಿ ಸಂಘದ ಸಭೆ ನಡೆದಾಗ, ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ ಮೆಲ್ಲಗೆ ಕೇಳಿದರು: "ಸಿಸ್ಟರ್, ನಮ್ಮ ಅತ್ತಿಗೆಗೆ ಕ್ಯಾನ್ಸರ್ ಇಂಜೆಕ್ಷನ್ ಆಗೈತೆ. ಆ ಔಷಧಿ ಬಾಳ ವಿಷ ಅಂತಾರೆ. ಅವಳ ತಟ್ಟೆ, ಬಟ್ಟೆ ಬೇರೆ ಇಡಬೇಕಾ?" ಇನ್ನೊಬ್ಬರು, "ನಮ್ಮ ಯಜಮಾನ್ರು ತೀರಿಕೊಂಡ ಮೇಲೆ ಉಳಿದ ಗುಳಿಗೆ ಎಲ್ಲಾ ಚರಂಡಿಗೆ ಹಾಕಿದೆ, ತಪ್ಪಾಯ್ತಾ?" ಅಂದರು. ಈ ಎರಡು ಪ್ರಶ್ನೆಗಳೇ ಈ ಸಲದ ಪಾಠ.

ಮೊದಲು ಒಂದು ಮಾತು. ಕ್ಯಾನ್ಸರ್ ಅಂಟುರೋಗವಲ್ಲ. ರೋಗಿಯ ಜೊತೆ ಕೂತು ಉಣ್ಣಬಹುದು, ಅಪ್ಪಿಕೊಳ್ಳಬಹುದು. ಔಷಧಿಗೆ ಹೆದರಿ ಯಾರೂ ಚಿಕಿತ್ಸೆ ಬಿಡಬಾರದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಶುರುವಾದಾಗಿನಿಂದ ಎಷ್ಟೋ ಬಡವರು ಇಂಥ ಔಷಧಿಯಿಂದಲೇ ಬದುಕಿ ಮನೆಗೆ ಬಂದಿದ್ದಾರೆ.

ಔಷಧಿ ಎಲ್ಲಿಗೆ ಹೋಗುತ್ತದೆ?

ಕ್ಯಾನ್ಸರ್ ಅಂದರೆ ಜೀವಕೋಶಗಳು ಹತೋಟಿ ತಪ್ಪಿ ಬೆಳೆಯುವುದು. ಬೇಗಬೇಗ ಬೆಳೆಯುವ ಕೋಶವನ್ನು ಕೊಲ್ಲುವುದೇ ಕೀಮೋ ಔಷಧಿಯ ಕೆಲಸ. ಆದರೆ ಇದು ಕ್ಯಾನ್ಸರ್ ಕೋಶ, ಇದು ಕೂದಲ ಬುಡ, ಇದು ಹೊಟ್ಟೆಯೊಳಗಿನ ಕೂಸು ಅಂತ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಕೂದಲು ಉದುರುವುದು ಅದಕ್ಕೇ. ಗರ್ಭಿಣಿಯರು ಈ ಔಷಧಿ ಮುಟ್ಟಬಾರದು ಅನ್ನುವುದೂ ಅದಕ್ಕೇ.

ಮೈಯೊಳಗೆ ಹೋದದ್ದೆಲ್ಲಾ ಅಲ್ಲೇ ಮುಗಿಯುವುದಿಲ್ಲ. ಮೆಥೊಟ್ರೆಕ್ಸೇಟ್ ಎಂಬ ಔಷಧಿಯ ಹೆಚ್ಚಿನ ಪಾಲು ಇದ್ದ ಹಾಗೆಯೇ ಮೂತ್ರದಲ್ಲಿ ಹೊರಬರುತ್ತದೆ. ಸೈಕ್ಲೋಫಾಸ್ಫಮೈಡ್‌ನಲ್ಲಿ ಸ್ವಲ್ಪ ಪಾಲು ಹಾಗೆ ಬರುತ್ತದೆ. ಅಲ್ಲಿಂದ ಬಚ್ಚಲು, ಚರಂಡಿ, ಹಳ್ಳ, ಕೆರೆ.

ನೀರಿನಲ್ಲಿ ಬಿಸಿಲು ಮತ್ತು ಸೂಕ್ಷ್ಮಜೀವಿಗಳು ಔಷಧಿಯನ್ನು ಒಡೆಯುತ್ತವೆ. ಆದರೆ ಎಲ್ಲವೂ ಒಂದೇ ರೀತಿ ಒಡೆಯುವುದಿಲ್ಲ. ಫ್ಲೋರೋಯುರಾಸಿಲ್ ಬೇಗ ಒಡೆಯುತ್ತದೆ. ಸೈಕ್ಲೋಫಾಸ್ಫಮೈಡ್ ಸುಲಭಕ್ಕೆ ಒಡೆಯುವುದಿಲ್ಲ, ಕೊಳಚೆ ನೀರಿನ ಶುದ್ಧೀಕರಣ ಘಟಕವನ್ನೂ ದಾಟಿ ಹೋಗುತ್ತದೆ. ಸಿಸ್‌ಪ್ಲಾಟಿನ್‌ನಲ್ಲಿರುವ ಪ್ಲಾಟಿನಂ ಲೋಹವಂತೂ ಎಂದೂ ನಾಶವಾಗುವುದಿಲ್ಲ. ಒಡೆದ ಚೂರುಗಳೆಲ್ಲಾ ನಿರಪಾಯ ಅಂತಲೂ ಅಲ್ಲ.

ಹಾಗಂತ ಗಾಬರಿ ಬೇಡ. ಹೊಳೆ ನೀರಿನಲ್ಲಿ ಇವನ್ನು ಅಳೆಯುವುದು ಲೀಟರಿಗೆ ಇಷ್ಟು ನ್ಯಾನೋಗ್ರಾಂ ಅಂತ. ನೂರು ಕೋಟಿ ಲೀಟರ್ ನೀರಿಗೆ 1 ಗ್ರಾಂ ಕರಗಿಸಿದರೆ ಲೀಟರಿಗೆ 1 ನ್ಯಾನೋಗ್ರಾಂ. ಅಷ್ಟರಿಂದ ಕುಡಿಯುವವರಿಗೆ ಆಗುವ ಅಪಾಯ ಬಹಳ ಕಡಿಮೆ. ಆದರೆ ಹುಟ್ಟಿದಾಗಿನಿಂದ ಅದೇ ನೀರಿನಲ್ಲಿ ಬದುಕುವ ಮೀನು, ಪಾಚಿ, ಸಣ್ಣ ಜಲಜೀವಿಗಳ ಗತಿ ಬೇರೆ. ಹೆಚ್ಚು ಅಪಾಯ ಇರುವುದು ಮನೆಯಲ್ಲಿ, ರೋಗಿಯ ಮೂತ್ರ, ವಾಂತಿಯನ್ನು ಬರಿಗೈಯಲ್ಲಿ ತೊಳೆಯುವ ಹೆಣ್ಣುಮಗಳಿಗೆ.

ನೀರು ಒಂದೇ ಊರಲ್ಲಿ ನಿಲ್ಲುವುದಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳನ್ನು ತುಂಬುತ್ತಿದೆ. ನಮ್ಮ ಜಗಳೂರು ತಾಲ್ಲೂಕಿನ 57 ಕೆರೆಗಳ ಯೋಜನೆಯೂ ತುಂಗಭದ್ರಾ ನೀರನ್ನೇ ನಂಬಿದೆ. ಮೇಲಿನವರು ಬಿಟ್ಟದ್ದು ಕೆಳಗಿನವರಿಗೆ.

ಮನೆಯಲ್ಲಿ ಏನು ಮಾಡಬೇಕು?

1. ಕೀಮೋ ಆದ ಮೇಲೆ ಕಡಿಮೆ ಅಂದರೂ 48 ಗಂಟೆ ಎಚ್ಚರ ಬೇಕು. ಕೆಲವು ಔಷಧಿಗೆ ಇನ್ನೂ ಹೆಚ್ಚು ದಿನ, ಡಾಕ್ಟರನ್ನು ಕೇಳಿ.

2. ರೋಗಿ ಶೌಚಾಲಯವನ್ನೇ ಬಳಸಲಿ, ಕೂತೇ ಮೂತ್ರ ಮಾಡಲಿ, ಎರಡು ಸಲ ನೀರು ಹಾಕಲಿ. ಬಯಲು, ಕೆರೆಯಂಗಳ ಬೇಡ.

3. ಮೂತ್ರ, ವಾಂತಿ ತಾಗಿದ ಬಟ್ಟೆಯನ್ನು ಕೈಗವಸು ಹಾಕಿ ಬೇರೆಯಾಗಿ ಎರಡು ಸಲ ಒಗೆಯಿರಿ. ಕೆರೆಯಲ್ಲಿ ಒಗೆಯಬೇಡಿ. ಮಾಮೂಲಿ ತಟ್ಟೆ ಲೋಟ ಸೋಪು ಹಾಕಿ ತೊಳೆದರೆ ಸಾಕು.

4. ಗರ್ಭಿಣಿ, ಬಾಣಂತಿಯರಿಗೆ ಈ ಕೆಲಸ ಕೊಡಬೇಡಿ.

5. ಕೀಮೋ ಮಾತ್ರೆಯನ್ನು ಮುರಿಯಬೇಡಿ, ಪುಡಿ ಮಾಡಬೇಡಿ.

6. ಉಳಿದ ಮಾತ್ರೆ ಚರಂಡಿಗೂ ಬೇಡ, ತಿಪ್ಪೆಗೂ ಬೇಡ, ಒಲೆಗೂ ಬೇಡ. ಚಿಕಿತ್ಸೆ ಕೊಟ್ಟ ಆಸ್ಪತ್ರೆಗೆ ಒಯ್ದು, ಎಲ್ಲಿ ಕೊಡಬೇಕು ಅಂತ ಕೇಳಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಆಸ್ಪತ್ರೆಗಳು ಇಂಥ ಔಷಧಿಯನ್ನು ತಯಾರಕರಿಗೆ ಮರಳಿಸಬೇಕು, ಇಲ್ಲವೆ 1200 ಡಿಗ್ರಿಗೂ ಮೀರಿದ ಶಾಖದಲ್ಲಿ ಸುಡಿಸಬೇಕು. ನಮ್ಮ ಒಲೆಗೆ ಆ ಶಾಖವಿಲ್ಲ.

ಗುಳಿಗೆ ಚರಂಡಿಗೆ ಹಾಕಿದ ಆ ತಾಯಿಗೆ ನಾವು ಹೇಳಿದ್ದು ಇಷ್ಟೇ: "ಗೊತ್ತಿಲ್ಲದೆ ಆದದ್ದಕ್ಕೆ ಕೊರಗಬೇಡಿ. ಗೊತ್ತಾದದ್ದನ್ನು ಇನ್ನೊಬ್ಬರಿಗೆ ಹೇಳಿ." ಶುದ್ಧ ಕುಡಿಯುವ ನೀರು ಎಲ್ಲರ ಮೂಲ ಹಕ್ಕು ಎಂದು ಪೋಪ್ ಫ್ರಾನ್ಸಿಸ್‌ರವರು 2015ರ ‘ಲೌದಾತೊ ಸಿ’ ಪತ್ರದಲ್ಲಿ ಬರೆದರು. ದೇವರು ಕೊಟ್ಟ ನೀರನ್ನೂ ಕಾಪಾಡೋಣ, ಕಾಯಿಲೆಯಾದ ನಮ್ಮ ಅಕ್ಕತಂಗಿಯರನ್ನೂ ಕೈಬಿಡದಿರೋಣ.

ಸಭೆಯಲ್ಲಿ ಚರ್ಚಿಸಿ:

ಅ) ನಮ್ಮೂರಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ ಮನೆಗೆ ಸಂಘ ಏನು ನೆರವು ಕೊಡಬಹುದು? ಒಂದು ಜೊತೆ ಕೈಗವಸು ಕೊಡಿಸಬಹುದೇ?

ಆ) ನಮ್ಮ ಓಣಿಯ ಚರಂಡಿ ನೀರು ಎಲ್ಲಿಗೆ ಹೋಗಿ ಸೇರುತ್ತದೆ? ಒಂದು ದಿನ ನಡೆದು ನೋಡಿ ಬನ್ನಿ.