ಮೊದಲ ಬೈಸಿಕಲ್ಲಿನ ಆಯ್ಕೆ

ವಯಸ್ಕರಾದ ಮೇಲೆ, ಕಚೇರಿಗೆ ಹೋಗಿಬರುವುದಕ್ಕೆಂದು ಮೊದಲ ಬೈಸಿಕಲ್ಲನ್ನು ಕೊಳ್ಳಹೊರಡುವವರು ಅಂಗಡಿಯಲ್ಲಿ ಸಾಮಾನ್ಯವಾಗಿ ಗಮನಿಸುವುದು ಬಣ್ಣ, ಬೆಲೆ ಮತ್ತು ಗೇರುಗಳ ಸಂಖ್ಯೆ. ಆದರೆ ಅದು ಕಾಲಿಗೆ ಹಗುರವಾದೀತೇ, ಮಲೆನಾಡಿನ ಮಳೆಯಲ್ಲಿ ಬೇಕಾದಲ್ಲಿ ನಿಂತೀತೇ ಎಂಬುದನ್ನು ನಿರ್ಧರಿಸುವುದು ಬಲಗಳ ಲೆಕ್ಕ. ಆ ಲೆಕ್ಕವನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ದೂರ. ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು ೨೦ ಕಿಲೋಮೀಟರು. ಗಂಟೆಗೆ ೧೫ ಕಿಲೋಮೀಟರು ವೇಗದಲ್ಲಿ ಹೋದರೆ ೮೦ ನಿಮಿಷ ಬೇಕು. ಹೊಸಬರಿಗೆ ದಿನವೂ ಇದು ಕಷ್ಟ. ಈ ದೂರವನ್ನು ರೈಲಿಗೋ ಬಸ್ಸಿಗೋ ಬಿಡುವುದು ಲೇಸು. ವಿದ್ಯಾನಗರದಿಂದ ತುಂಗೆಯ ಸೇತುವೆ ದಾಟಿ ಪೇಟೆಗೆ ಹೋಗುವಂಥ, ಊರೊಳಗಿನ ನಾಲ್ಕೈದು ಕಿಲೋಮೀಟರಿನ ಪ್ರಯಾಣವೇ ಬೈಸಿಕಲ್ಲಿಗೆ ತಕ್ಕುದು.

ಸವಾರನೂ ವಾಹನವೂ ಸೇರಿ ೮೫ ಕಿಲೋಗ್ರಾಂ ಎನ್ನಿ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಉರುಳು ಘರ್ಷಣೆಯ ಗುಣಾಂಕ ೦.೦೦೮ ಆಗಿದ್ದರೆ ಪ್ರತಿರೋಧ ಸುಮಾರು ೬.೭ ನ್ಯೂಟನ್. ಹೆಚ್ಚು ಹಣ ತೆತ್ತು ೫ ಕಿಲೋಗ್ರಾಂ ಹಗುರವಾದುದನ್ನು ಕೊಂಡರೆ ಉಳಿಯುವುದು ೦.೪ ನ್ಯೂಟನ್ ಮಾತ್ರ. ಟಯರಿನ ಗಾಳಿ ಇಳಿದು ಗುಣಾಂಕವು ೦.೦೧೨ಕ್ಕೆ ಏರಿದರೆ ನಷ್ಟ ೩.೩ ನ್ಯೂಟನ್! ಹಗುರವಾದ ಬೈಸಿಕಲ್ಲಿಗಿಂತ ಒಂದು ಗಾಳಿಪಂಪೇ ಮೇಲು.

ಏರಿನ ಮಾತು ಬೇರೆ. ೨೦ ಮೀಟರಿಗೆ ೧ ಮೀಟರು ಏರುವ ದಾರಿಯಲ್ಲಿ ಗುರುತ್ವವೊಂದೇ ೪೨ ನ್ಯೂಟನ್‌ಗಳಷ್ಟು ಹಿಂದಕ್ಕೆಳೆಯುತ್ತದೆ. ಇಲ್ಲಿ ನೆರವಾಗುವುದು ಹಲ್ಲುಚಕ್ರಗಳ ಪ್ರಮಾಣ. ಮುಂದಿನ ಚಕ್ರದಲ್ಲಿ ೪೪, ಹಿಂದಿನದರಲ್ಲಿ ೧೮ ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಗಾಲಿ ೨.೪೪ ಸುತ್ತು ತಿರುಗುತ್ತದೆ. ಹಿಂದಿನದಕ್ಕೆ ೨೨ ಹಲ್ಲುಗಳಾದರೆ ಎರಡೇ ಸುತ್ತು. ವೇಗ ತಗ್ಗುತ್ತದೆ, ಆದರೆ ಕಾಲು ಒತ್ತಬೇಕಾದ ಬಲವೂ ಶೇಕಡ ೧೮ರಷ್ಟು ತಗ್ಗುತ್ತದೆ. ಊರಿನ ಸಂಚಾರಕ್ಕೆ ಎರಡು ಮೂರು ಗೇರುಗಳು ಸಾಕು, ಇಪ್ಪತ್ತೊಂದರ ಅಗತ್ಯವಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕು. ಗಂಟೆಗೆ ೧೫ ಕಿಲೋಮೀಟರು ವೇಗದಲ್ಲಿರುವ ಬೈಸಿಕಲ್ಲು ಒಣ ರಸ್ತೆಯಲ್ಲಿ ೩.೫ ಮೀಟರಿನಲ್ಲಿ ನಿಲ್ಲುವುದೆನ್ನಿ. ನಿಲ್ಲುವ ದೂರವು ತಡೆಯುವ ಬಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಬಲವು ಮೂರನೆಯ ಒಂದು ಪಾಲಿಗಿಳಿದರೆ ೧೦.೫ ಮೀಟರು ಬೇಕು. ಅಷ್ಟರೊಳಗೆ ಮಗುವೊಂದು ರಸ್ತೆಗೆ ಓಡಿಬಂದಿರಬಹುದು. ಹೊಳೆಯುವ ಉಕ್ಕಿನ ರಿಮ್ಮನ್ನು ರಬ್ಬರಿನ ತುಂಡು ಹಿಡಿಯುವ ಹಳೆಯ ಬಗೆಯ ಬ್ರೇಕಿಗೆ ಮಳೆಯಲ್ಲಿ ಒದಗುವ ಸ್ಥಿತಿ ಇದೇ, ಕೆಲವೊಮ್ಮೆ ಇನ್ನೂ ಕೆಟ್ಟದ್ದು; ನಡುವೆ ನೀರಿನ ತೆಳುಪದರ ಸೇರಿ ಘರ್ಷಣೆಯನ್ನು ಕಳೆಯುತ್ತದೆ. ಅಲ್ಯುಮಿನಿಯಂ ರಿಮ್ಮು ಇದಕ್ಕಿಂತ ಉತ್ತಮ. ಗಾಲಿಯ ನಡುವಿನಲ್ಲಿ ಕೆಲಸಮಾಡುವ ಡ್ರಮ್ ಅಥವಾ ಡಿಸ್ಕ್ ಬ್ರೇಕು ಇನ್ನೂ ಉತ್ತಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿಯುವ ನಮ್ಮ ಊರುಗಳಲ್ಲಿ ಹಣ ಸಲ್ಲಬೇಕಾದುದು ಇದಕ್ಕೇ.

ಕೊನೆಗೆ ಅಳತೆ. ಚೌಕಟ್ಟಿನ ಮೇಲ್ದಂಡದ ಎರಡೂ ಬದಿಗೆ ಕಾಲಿಟ್ಟು ನಿಂತಾಗ ಎರಡು ಮೂರು ಸೆಂಟಿಮೀಟರು ತೆರಪಿರಬೇಕು. ಸೀಟಿನ ಮೇಲೆ ಕುಳಿತು, ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೆಟ್ಟಗಾಗಬೇಕು. ಹೊಸಬರು ಮೊದಮೊದಲು ಪಾದ ನೆಲಕ್ಕೆ ಎಟುಕುವಷ್ಟು ಸೀಟನ್ನು ಇಳಿಸಿಕೊಂಡು, ಸಮತೋಲ ಕೈವಶವಾದಂತೆ ಏರಿಸಬಹುದು. ಬ್ರೇಕು, ಅಳತೆ, ಟಯರು, ಗೇರು. ಬಣ್ಣಕ್ಕೆ ಸರದಿ ಇವೆಲ್ಲದರ ಅನಂತರ.